ಸೂರ್ಯನಿಗೆ ಕೈಮುಗಿದು ಹೊರಟವನು

ಲಾರೆನ್ಸ್ ಅಂಕಲ್,

ಇಲ್ಲ, ಈಗಲೂ ನಾನು ಒಪ್ಪುವುದಿಲ್ಲ. ದೇವರಿಗೆ ಯಾವ ಕೊರತೆಯೂ ಇಲ್ಲ ಎಂದವರು ನಿಮ್ಮ ಹಳೆಯ ಗ್ರೀಕ್ ಜ್ಞಾನಿಗಳೇ. ಹಬ್ಬ ಬಂದರೆ ಗುಡಿಗೆ ಹೋಗಿ ಬಲಿ ಕೊಡುತ್ತಿದ್ದವರೂ ಅವರೇ. ಇದೆಂಥ ಬುದ್ಧಿವಂತಿಕೆ? ನೀವು ಪಾದ್ರಿಯಾಗಲು ಮಂಗಳೂರಿನ ಸೆಮಿನರಿಗೆ ಸೇರಿ, ವರ್ಷಗಟ್ಟಲೆ ಅವರನ್ನೇ ಓದಿ, ಕೊನೆಗೆ ಸೆಲಿನ್ ಆಂಟಿಯನ್ನು ನೋಡಿ, ಮದುವೆಯಾಗಲೆಂದು ಹೊರಗೆ ಬಂದವರು. ನಾನು ಹುಬ್ಬಳ್ಳಿಯಲ್ಲಿ ಹತ್ತನೇ ತರಗತಿಗೇ ಪುಸ್ತಕ ಮುಚ್ಚಿದವನು. ಆದರೂ ಈ ಒಂದು ಮಾತಿಗೆ ನೀವು ನನಗೆ ಸರಿಯಾದ ಉತ್ತರ ಕೊಡಲೇ ಇಲ್ಲ.

ಮೊದಲ ದಿನ ನೆನಪಿದೆಯಾ? ಈ ಪರದೇಶಕ್ಕೆ ಬಂದು ರೋಗಿಗಳ ವ್ಯಾನ್ ಓಡಿಸುತ್ತಿದ್ದ ನಾನು, ರೌಸ್ ಹಿಲ್‌ನ ನಿಮ್ಮ ಮನೆಯಿಂದ ನಿಮ್ಮನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಬಂದಿದ್ದೆ. ಮುಂದಿನ ಟ್ರಿಪ್ ಕ್ಯಾನ್ಸಲ್ ಆಗಿ ಅಲ್ಲೇ ಉಳಿದೆ. ನೀವು ನಾಲ್ಕು ಗಂಟೆ ಕುರ್ಚಿಯಲ್ಲಿ ಅಲ್ಲಾಡದೆ ಕೂತಿರಿ. ನಾನು ಹತ್ತು ನಿಮಿಷಕ್ಕೊಮ್ಮೆ ಎದ್ದು ಕಾರಿಡಾರ್ ಸುತ್ತುತ್ತಿದ್ದೆ.

"ಎಂತ ಮಾರಾಯ, ಚಡ್ಡಿಯೊಳಗೆ ಇರುವೆ ಹೊಕ್ಕಿದೆಯಾ?"

"ನಿಮಗ ಪೈಪ್ ಹಾಕಿ ಕಟ್ಟ್ಯಾರ್ರೀ ಅಂಕಲ್, ಅದಕ್ಕ ಕುಂತೀರಿ. ಬಿಚ್ಚಿದ್ರ ನೀವೂ ಓಡ್ತೀರಿ."

ನಕ್ಕು ಆ ಕಥೆ ಹೇಳಿದಿರಿ. ಯುದ್ಧಕ್ಕೆ ಹೋದ ಒಬ್ಬ ಗ್ರೀಕ್ ಗುರು ಬೆಳಿಗ್ಗೆ ಏನೋ ಯೋಚಿಸುತ್ತ ನಿಂತನಂತೆ. ಮಧ್ಯಾಹ್ನವಾದರೂ ಕದಲಲಿಲ್ಲ. ಅವನನ್ನು ನೋಡಲಿಕ್ಕೆಂದೇ ಕೆಲವರು ಹಾಸಿಗೆ ಹೊರಗೆ ತಂದು ಮಲಗಿದರಂತೆ. ಮರುದಿನ ಬೆಳಕಾದಾಗ ಅವನು ಸೂರ್ಯನಿಗೆ ಪ್ರಾರ್ಥನೆ ಮಾಡಿ ಹೊರಟುಹೋದ.

"ಏನ್ ಸಿಕ್ತ್ರೀ ಅವಂಗ?"

"ಅದು ಯಾರಿಗೂ ಗೊತ್ತಿಲ್ಲ."

"ಅಷ್ಟ್ ಯೋಚನಿ ಮಾಡಿದಾಂವಗ ಮತ್ತ ಪ್ರಾರ್ಥನಿ ಯಾಕ್ರೀ?"

"ಯೋಚನೆ ಒಂದು ಕಡೆ, ಪ್ರಾರ್ಥನೆ ಒಂದು ಕಡೆ ಅಂತ ಪಾಲು ಮಾಡಿದ್ದು ನಾವು ಮಾರಾಯ. ಅವನಿಗೆ ಎರಡೂ ಒಂದೇ ಮನೆ."

ಆ ವಾದ ಆಮೇಲೆ ಪ್ರತಿ ಡಯಾಲಿಸಿಸ್‌ನಲ್ಲೂ ಮುಂದುವರಿಯಿತು. ಕೊನೆಯ ಮಧ್ಯಾಹ್ನ ಆಸ್ಪತ್ರೆಯಲ್ಲಿ ಆಂಟಿ ಪ್ರಾರ್ಥನೆಗೆ ಜಪಸರ ತೆಗೆದು, ನಿಮ್ಮ ಕೈಯನ್ನು ನನ್ನ ಕೈಯೊಳಗೆ ಇಟ್ಟರು. "ಈ ಜಪ ಮುಗಿಯುವವರೆಗೆ ಹಿಡಿದುಕೋ ಈರಣ್ಣ." ನಂಬಿಕೆಯಿಲ್ಲದ ನಾನು ಆ ಪ್ರಾರ್ಥನೆಯ ನಡುವೆ ಯಾಕೆ? ಮೈಯೆಲ್ಲ ಚಡಪಡಿಸಿತು. ಪಾರ್ಕಿಂಗ್ ಟೈಮ್ ಮುಗಿಯಿತೆಂದು ಸುಳ್ಳು ಹೇಳಿ ಹೊರಬಿದ್ದೆ. ಕಾರ್ ಪಾರ್ಕ್‌ನಲ್ಲಿ ಸುಮ್ಮನೆ ಮೂರು ಸುತ್ತು ಹಾಕಿದೆ. ವಾಪಸ್ ಬರುವಷ್ಟರಲ್ಲಿ ನೀವು... ನನ್ನನ್ನು ಹುಡುಕಿದಿರಾ ಅಂಕಲ್? ಒಂದು ತಿಂಗಳಿಂದ ಇದೊಂದೇ ಪ್ರಶ್ನೆ ನನ್ನನ್ನು ಎಲ್ಲೂ ಕೂರಲು ಬಿಡುತ್ತಿಲ್ಲ.

ನಿನ್ನೆ ಆಂಟಿ ಫೋನ್ ಮಾಡಿದರು. ನೀವು ತೀರಿಕೊಂಡು ತಿಂಗಳಾಯಿತಲ್ಲ, ಇಂದು ಚರ್ಚ್‌ನಲ್ಲಿ ನಿಮ್ಮ ತಿಂಗಳ ಪೂಜೆ. ಮೆಲ್ಬರ್ನ್‌ನಲ್ಲಿರುವ ನಿಮ್ಮ ಮಗನಿಗೆ ರಜೆ ಸಿಗಲಿಲ್ಲವಂತೆ.

"ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ನೀನು ನಿಲ್ಲಬೇಕು."

"ಆಂಟಿ, ನಾ ನಿಮ್ಮ ಧರ್ಮದಾಂವ ಅಲ್ರೀ. ನನಗ ನಂಬಿಕೀನೂ ಇಲ್ಲ."

"ನಂಬಿಕೆ ಯಾರು ಕೇಳಿದ್ದು? ಏಳುವುದು, ಕೂರುವುದು, ಮೊಣಕಾಲೂರುವುದು ನನ್ನನ್ನು ನೋಡಿ ಮಾಡು. ನಮ್ಮ ಪೂಜೆ ನಿನ್ನಂಥ ಕೂರಲಾಗದವರಿಗೇ ಮಾಡಿದ್ದು."

ನಾನು ನಗಲಿಲ್ಲ. ಅಂದು ಎದ್ದು ಹೋದದ್ದು ಪಾರ್ಕಿಂಗ್‌ಗೆ ಅಲ್ಲ ಎಂದು ಹೇಳಿಬಿಟ್ಟೆ.

"ಗೊತ್ತಿತ್ತು," ಎಂದರು ಆಂಟಿ. "ಅವರಿಗೂ ಗೊತ್ತಿತ್ತು. ಒಮ್ಮೆ ಕಣ್ಣು ಬಿಟ್ಟು 'ಹೋದನಾ?' ಅಂತ ಕೇಳಿದರು. ಈಗ ಬರ್ತಾನೆ ಅಂದೆ ನಾನು."

ಅದಕ್ಕೇ ಬರುತ್ತಿದ್ದೇನೆ. ನಂಬಿಕೆ ಬಂತೆಂದು ತಿಳಿಯಬೇಡಿ. ನಮ್ಮ ವಾದ ಹಾಗೇ ಇದೆ. ಕಾಲು ಎಷ್ಟೇ ಎಳೆದರೂ ಪೂಜೆ ಪೂರ್ತಿ ಮುಗಿಯುವ ತನಕ ಆಂಟಿಯ ಪಕ್ಕ ಬಿಟ್ಟು ಹೋಗುವುದಿಲ್ಲ, ಇದು ಮಾತು. ಒಂಬತ್ತಕ್ಕೆ ಪೂಜೆ, ಈಗ ಎಂಟೂವರೆ. ಇದನ್ನು ಫೋನಿನಲ್ಲಿ ಬರೆಯುತ್ತಲೇ ಶೂ ಹಾಕಿಕೊಂಡೆ. ನೈಟ್ ಡ್ಯೂಟಿ ಮುಗಿಸಿದ ಹೆಂಡತಿ ಮಲಗಿದ್ದಾಳೆ. ಹೊರಗೆ ಬಂದೆ ಅಂಕಲ್. ಬಾಗಿಲು ಹಾಕಿದೆ.