ಅತ್ತೆಗೂ ಗೊತ್ತಿಲ್ಲದ ಕಳ್ಳ

ಮಂಗಳವಾರ, ಜೂನ್ ೧೧

ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಇವತ್ತೂ ಅದೇ ಜಗಳ. ಹಳೆಯ ಪತ್ತೇದಾರಿ ಧಾರಾವಾಹಿಯನ್ನು ಹೊಸ ನಟರನ್ನಿಟ್ಟು ಮತ್ತೆ ತೆಗೆದು ಕುಲಗೆಡಿಸಿದ್ದಾರಂತೆ. ಚೆನ್ನಾಗಿದೆ ಎಂದವಳು ನಾನೊಬ್ಬಳೇ. "ಹಳೇದನ್ನ ನೀನು ನೋಡೇ ಇಲ್ಲ, ಅದಕ್ಕೇ ಹೀಗಂತೀಯ," ಎಂದು ಕ್ಯಾಷಿಯರ್ ನನ್ನ ಬಾಯಿ ಮುಚ್ಚಿಸಿದಳು.

ನೋಡದೆ ಏನು? ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ನೋಡಿದ್ದು ಧಾರಾವಾಹಿಯನ್ನಲ್ಲ, ಈ ಮನೆಯವರನ್ನು. ಎಷ್ಟೋ ಸಲ ನೋಡಿದ್ದರಿಂದ ತಮಾಷೆ ಬರುವ ಮೊದಲೇ ಅತ್ತೆ, ಗಂಡ, ಮೈದುನ ಮೂವರೂ ನಗುತ್ತಿದ್ದರು. ಆ ಗಲಾಟೆಯಲ್ಲಿ ಮಾತೇ ಕೇಳಿಸದೆ ನಾನು ಸುಮ್ಮನೆ ಹಲ್ಲು ಕಿರಿಯುತ್ತಿದ್ದೆ. ಕಳ್ಳ ಯಾರೆಂದು ನಾನು ಯೋಚಿಸುವಷ್ಟರಲ್ಲಿ ಮೈದುನ ಹೇಳಿಬಿಡುತ್ತಿದ್ದ.

ಹೊಸದು ನಿಜಕ್ಕೂ ಸ್ವಲ್ಪ ಪೆದ್ದು. ಪತ್ತೇದಾರನಿಗಿಂತ ಅವನ ಕೋಟೇ ಚೆನ್ನಾಗಿ ನಟಿಸುತ್ತದೆ. ಆದರೆ ಕಥೆ ಬದಲಾಗಿದೆ. ಮುಂದೇನೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಸಂಜೆ ಅದನ್ನು ಬೈಯುತ್ತಲೇ ನೋಡುತ್ತಿದ್ದ ಅತ್ತೆ ಥಟ್ಟನೆ ಸೋಫಾದಲ್ಲಿ ನನ್ನ ಕಡೆಗೆ ಸರಿದು, ತಮ್ಮ ಮಕ್ಕಳನ್ನಲ್ಲ, ನನ್ನನ್ನು ಕೇಳಿದರು. "ಯಾರೇ ಕದ್ದಿರೋದು? ನಿಂಗೇನನ್ಸತ್ತೆ?"

"ಆ ಡಾಕ್ಟರ್ ಮೇಲೇ ನಂಗೆ ಅನುಮಾನ, ಅತ್ತೆ."

"ನಂಗೂ ಕಣೇ. ಇವರಿಬ್ಬರಿಗೆ ಹೇಳ್ಬೇಡ, ಸುಮ್ನಿರು."

ಕದ್ದವನು ಡಾಕ್ಟರಲ್ಲ, ತೋಟದವನು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ತಡೆಯಲಾಗದ ನಗು. ಯಾಕೆಂದು ಅಣ್ಣತಮ್ಮಂದಿರಿಗೆ ತಿಳಿಯಲೇ ಇಲ್ಲ, ಸುಮ್ಮನೆ ಹಲ್ಲು ಕಿರಿದರು.

ಹೊಸ ಧಾರಾವಾಹಿ ತೆಗೆದ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ. ಕ್ಯಾಷಿಯರ್‌ಗೆ ಇದನ್ನೆಲ್ಲ ಹೇಗೆ ಹೇಳಲಿ? ಹೇಳುವುದಿಲ್ಲ, ಚೆನ್ನಾಗಿದೆ ಅಂತಷ್ಟೇ ಅನ್ನುತ್ತೇನೆ.