ನಲವತ್ತನೇ ಅಧ್ಯಾಯದ ಟ್ಯಾಗ್

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1:20

ಹಲ್ಲಿನ ಸೆಟ್ ಕಟ್ಟುವ ಲ್ಯಾಬಿನಲ್ಲಿ ಊಟದ ಬಿಡುವು. ಮೇಲಿನ ದವಡೆಯ ಎರಡು ಸೆಟ್ ಹಲ್ಲು ಮೇಣದಲ್ಲಿ ಕೂರಿಸಿ ಆಯಿತು. ಕೆಳಗಿನದರ ಪ್ಲಾಸ್ಟರ್ ಇನ್ನೂ ಹಸಿ. ಎಷ್ಟು ಕೈ ತೊಳೆದರೂ ಉಗುರಿನ ಸಂದಿಯಲ್ಲಿ ವಸಡಿನ ಬಣ್ಣದ ಪುಡಿ.

ನಲವತ್ತನೇ ಅಧ್ಯಾಯ ಮುಗಿಯಿತು. ಮುಗಿಯಿತು! ಬೆಂಚಿನ ಮೇಲಿದ್ದ ದವಡೆಗಳಿಗೇ ಮೊದಲು ಹೇಳಿದೆ. ನಕ್ಕವು. ನಗದೆ ಇನ್ನೇನು ಮಾಡುತ್ತವೆ.

ನಾಲ್ಕು ತಿಂಗಳ ಹೈಯೇಟಸ್. ಮೈಗಳ್ಳತನಕ್ಕೆ, ಮೆಚ್ಚಿದ ಸೀರಿಯಲ್ಲಿನ ಪಾತ್ರಗಳಿಗೆ ಹೊಸ ಕಥೆ ಕಟ್ಟುವ ಫ್ಯಾನ್ ಫಿಕ್ಷನ್ ಮಂದಿ ಇಟ್ಟಿರುವ ಮರ್ಯಾದೆಯ ಹೆಸರು. ಇನ್ನೊಂದೇ ಅಧ್ಯಾಯ, ಆಮೇಲೆ ಆರು ವರ್ಷದ ಈ ಡಬ್ಲ್ಯುಐಪಿಗೆ — ಎಂದರೆ ಕುತ್ತಿಗೆಗೆ ಕಟ್ಟಿಕೊಂಡ ಮುಗಿಯದ ಕಥೆಗೆ — 'ಸಂಪೂರ್ಣ' ಎಂದು ಗುರುತು ಹಾಕಬಹುದು.

ಬೆಳಿಗ್ಗೆ ಚಹಾ ಕೊಡುತ್ತ ಅಕ್ಕ ಕೇಳಿದಳು, "ದಿನಾ ಫೋನಲ್ಲಿ ಅದೇನು ಕುಟ್ತಾ ಇರ್ತೀಯ?"

"ಆಂಬುಲೆನ್ಸ್ ಸೀರಿಯಲ್ ಒಂದಿತ್ತಲ್ಲಕ್ಕ, ಡ್ರೈವರು, ನರ್ಸು... ಕೊನೇ ಕಂತಲ್ಲಿ ಅವನು ವರ್ಗ ಆಗಿ ಹೊರಟೇಹೋದ. ಅವಳಿಗೆ ಒಂದು ಮಾತೂ ಹೇಳ್ಲಿಲ್ಲ. ಅದನ್ನ ಸರಿ ಮಾಡ್ತಾ ಇದ್ದೀನಿ."

"ಅದು ಮುಗಿದು ಹನ್ನೊಂದು ವರ್ಷ ಆಯ್ತಲ್ಲೋ. ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಇಲ್ಲ."

"ಹಲ್ಲು ಕಟ್ಟೋದು ಸಾಲದು ಅಂತ ಕಥೆ ಬೇರೆ ಕಟ್ತಾನೆ," ಎನ್ನುತ್ತ ಒಳಗೆ ಹೋದಳು. ಬೇಜಾರಾಗಲಿಲ್ಲ. ಇವತ್ತು ಯಾರು ಏನಂದರೂ ಬೇಜಾರಾಗುವುದಿಲ್ಲ.

ಮಾರ್ಚ್ 4, ಮಂಗಳವಾರ. ಸಂಜೆ

ಸೂಜಿಗೆ ಪರೀಕ್ಷೆ. ಅಕ್ಕನ ಮಗಳು. ಇಟ್ಟ ಹೆಸರು ಬೇರೆ, ಕರೆಯುವುದು ಸೂಜಿ — ಸಣ್ಣಗಿದ್ದಾಳೆ, ಚುಚ್ಚುತ್ತಾಳೆ. ಐವತ್ತು ದಾಟಿದ ನನ್ನನ್ನು ಇಂಥ ಕಥೆ ಹಾಕುವ ಸೈಟಿಗೆ ಎಳೆದುಕೊಂಡು ಹೋದವಳೇ ಅವಳು. ನನ್ನ ಬೀಟಾ. ಪೋಸ್ಟ್ ಮಾಡುವ ಮೊದಲು ಓದಿ ತೂತು ಹುಡುಕುವ ಕೆಲಸ. "ಕ್ಯಾನನ್ ಅಂದ್ರೆ ಸೀರಿಯಲ್ಲಲ್ಲಿ ನಿಜವಾಗ್ಲೂ ನಡೆದದ್ದು. ಹೆಡ್‌ಕ್ಯಾನನ್ ಅಂದ್ರೆ ನಿನ್ನ ತಲೇಲಿ ಮಾತ್ರ ನಡೆದದ್ದು. ಎರಡನ್ನೂ ಕಲೆಸ್ಬೇಡ ಮಾವ," ಎಂದು ಮೊದಲ ದಿನವೇ ಪಾಠ ಮಾಡಿದ್ದಳು.

ಹದಿನೈದನೇ ತಾರೀಖಿನವರೆಗೆ ಅವಳ ಫೋನು ಅಕ್ಕನ ಬೀರುವಿನಲ್ಲಿ ಬಂದಿ. ಮೆಟ್ಟಿಲ ಹತ್ತಿರ ಸಿಕ್ಕಳು.

"ನಾನು ನೋಡದೆ ಹಾಕ್ಬೇಡ."

"ಅಷ್ಟು ದಿನ ಕಾಯ್ಬೇಕಾ?"

"ಆರು ವರ್ಷ ಕಾದಿದ್ದಾರೆ ಜನ. ಹತ್ತು ದಿನಕ್ಕೆ ಸಾಯಲ್ಲ."

ಜನ ಸಾಯಲ್ಲ, ಸರಿ. ಡ್ರೈವರ್ ಸಾಯುತ್ತಾನೆ. ಸೂಜಿಗೂ ಹೇಳಿಲ್ಲ. ಮೂವತ್ತೊಂಬತ್ತು ಅಧ್ಯಾಯ ಫ್ಲಫ್ ಬರೆದಾಯಿತು... ಬರೀ ಮುದ್ದು, ಬರೀ ಹಿತ, ಅಷ್ಟು ಸಿಹಿಗೆ ನನ್ನ ಹಲ್ಲೇ ಹುಳುಕಾಗುವ ಹಾಗಿದೆ. ಇನ್ನು ಆಂಗ್ಸ್ಟ್. ಓದುವವರ ಕರುಳು ಒಂದು ಸಲವಾದರೂ ಹಿಂಡಬೇಕು. ಮೊದಲ ಅಧ್ಯಾಯದಿಂದಲೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1:45

ಹಾಕಿಬಿಟ್ಟೆ. ಕಾಯಲಾಗಲಿಲ್ಲ. ಅಡಿಟಿಪ್ಪಣಿಯಲ್ಲಿ 'ಬೀಟಾ ನೋಡಿಲ್ಲ, ತಪ್ಪಿದ್ದರೆ ನನ್ನದೇ' ಎಂದು ಬರೆದೆ. ಏನು ಜಂಬ! ಆದರೂ ಮೈ ಹಗುರ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 7:00

ಹದಿನೇಳು ಕಾಮೆಂಟ್. ಹಲ್ಲುಜ್ಜದೆ ಓದಲು ಕೂತೆ. ಮೊದಲ ಮೂರರಲ್ಲಿ ಅಳು. ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ನಾಲ್ಕನೆಯದು: 'ಟ್ಯಾಗ್ ಎಲ್ಲಿ ಸ್ವಾಮಿ?' ಐದನೆಯದು: 'ಎಚ್ಚರಿಕೆ ಇಲ್ಲದೆ ಮುಖ್ಯ ಪಾತ್ರ ಸಾಯಿಸೋದಾ? ಛೀ.'

ಟ್ಯಾಗ್!

ಹಣೆಬರಹದ ಹಾಗೆ ಕಥೆಯ ಮೇಲೆ ಟ್ಯಾಗ್ ಇರುತ್ತದೆ. ಒಳಗೆ ಏನಿದೆ ಎಂದು ಓದುವ ಮೊದಲೇ ತಿಳಿಯಬೇಕು. ಸ್ಲೋ ಬರ್ನ್ ಎಂದಿದ್ದರೆ, ಪ್ರೀತಿ ಹುಟ್ಟಲು ಇಪ್ಪತ್ತು ಅಧ್ಯಾಯ ಕಾಯಬೇಕು ಎಂದು ಅರ್ಥ. ಸಾವಿದ್ದರೆ ಅದಕ್ಕೂ ಒಂದು ಚೌಕವಿದೆ, ಗುರುತು ಹಾಕಬೇಕು. ಆರು ವರ್ಷದ ಹಿಂದೆ ಮೊದಲ ಅಧ್ಯಾಯ ಹಾಕುವಾಗ 'ಎಚ್ಚರಿಕೆ ಅಗತ್ಯವಿಲ್ಲ' ಎಂದು ಒತ್ತಿದ್ದೆ. ಆಮೇಲೆ ಹೊಸ ಅಧ್ಯಾಯ ಸೇರಿಸುವಾಗ ಸೈಟು ಆ ಚೌಕವನ್ನು ಮತ್ತೆ ಕೇಳುವುದೇ ಇಲ್ಲ. ನಾವೇ ಹಿಂದಕ್ಕೆ ಹೋಗಿ ಬದಲಾಯಿಸಬೇಕು. ಸೂಜಿ ಇದ್ದಿದ್ದರೆ ಮೊದಲು ಅಲ್ಲೇ ಚುಚ್ಚುತ್ತಿದ್ದಳು. ನಾನು ಮರಗಟ್ಟಿಸುವ ಇಂಜೆಕ್ಷನ್ ಕೊಡದೆ ಹಲ್ಲು ಕಿತ್ತಿದ್ದೇನೆ.

7:12. ಟ್ಯಾಗ್ ಹಾಕಿದೆ. ಮೇಲೆ ಕ್ಷಮಾಪಣೆಯೂ ಬರೆದೆ.

7:40. ಅಯ್ಯೋ. ಕಿಟಕಿಸೀಟು!

ಬಸ್ಸಿಗೆ ಹೊರಟವನು ಚಪ್ಪಲಿ ಬಿಟ್ಟು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. 'ಕಿಟಕಿಸೀಟು' ಎಂಬ ಹೆಸರಿನ ಓದುಗರು. ಮುಖ ಕಂಡಿಲ್ಲ. ಮೂವತ್ತೊಂಬತ್ತು ಅಧ್ಯಾಯಕ್ಕೂ ಮೊದಲ ಕಾಮೆಂಟ್ ಅವರದೇ, ಒಂದೂ ತಪ್ಪಿಲ್ಲ. ಫೆಬ್ರವರಿಯಲ್ಲಿ ಬರೆದದ್ದು ಮತ್ತೆ ತೆಗೆದು ನೋಡಿದೆ:

'ದವಡೆಯವರೇ, (ಸೈಟಿನಲ್ಲಿ ನನ್ನ ಹೆಸರು ಅದು) ನಮ್ಮನೆಯವರನ್ನ ಎರಡನೇ ಸಲ ಆಸ್ಪತ್ರೆಗೆ ಸೇರಿಸಿದ್ದೀವಿ, ಹೃದಯದ್ದು. ಮೂವತ್ತು ವರ್ಷ ಬಸ್ ಓಡಿಸಿದವರು, ಅದಕ್ಕೆ ನಿಮ್ಮ ಡ್ರೈವರ್ ಅಂದ್ರೆ ಪ್ರಾಣ. ದಿನಾ ಹಾಸಿಗೆ ಪಕ್ಕ ಕೂತು ಓದಿ ಹೇಳ್ತೀನಿ. ನಲವತ್ತು ಯಾವಾಗ? ಒಂದೇ ಬೇಡಿಕೆ. ಯಾರಾದ್ರೂ ಸಾಯೋದಿದ್ರೆ ಮೊದ್ಲೇ ಟ್ಯಾಗ್ ಹಾಕಿ. ವಾರ್ಡಲ್ಲಿ ಕೂತು ಅದನ್ನ ನನ್ನ ಬಾಯಲ್ಲಿ ಓದಿಸ್ಬೇಡಿ.'

ಕೆಳಗೆ ನನ್ನ ಉತ್ತರ: 'ಖಂಡಿತ. ಮಾತು ಕೊಟ್ಟೆ.'

ಆ ಕಾಮೆಂಟ್ ಓದಿಯೇ ಮತ್ತೆ ಬರೆಯಲು ಕೂತದ್ದು. ಸಾಯಿಸುವುದನ್ನು ಮಾತ್ರ ಬಿಡಲಿಲ್ಲ. ಟ್ಯಾಗ್ ಹಾಕುತ್ತೇನಲ್ಲ, ಸಾಕು ಎಂದುಕೊಂಡೆ. ಹದಿನೇಳು ಕಾಮೆಂಟಿನಲ್ಲಿ ಅವರದಿಲ್ಲ.

ಮಾರ್ಚ್ 10, ಸೋಮವಾರ

ಇಲ್ಲ. ಕಿಟಕಿಸೀಟಿನ ಕಾಮೆಂಟ್ ಇನ್ನೂ ಬಂದಿಲ್ಲ. ಖಾಸಗಿಯಾಗಿ ಸಂದೇಶ ಕಳಿಸೋಣ ಎಂದರೆ ಆ ಸೈಟಿನಲ್ಲಿ ಅದಕ್ಕೆ ದಾರಿಯಿಲ್ಲ.

ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿದ್ದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಲ್ಯಾಬಿನ ಯಜಮಾನಿ ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಹಾಕ್ಕೊಂಡ್ರೆ ಆ ಮನುಷ್ಯ ಜೀವನಪೂರ್ತಿ ಸೊಟ್ಟಗೆ ನಗ್ತಾನೆ ಕಣ್ರೀ. ಮನೇಲಿ ಎಲ್ಲ ಆರಾಮಾ?"

ಆರಾಮ ಎಂದೆ. ಏನು ಹೇಳಲಿ? ಇಲ್ಲದ ಡ್ರೈವರನ್ನು ಕೊಂದೆ, ಇರುವ ಡ್ರೈವರಿಗೆ ಏನಾಯಿತೋ ಗೊತ್ತಿಲ್ಲ ಎಂದೇ? ಕಥೆ ಕೇಳಿ ಯಾರೂ ಸಾಯುವುದಿಲ್ಲ, ಅಷ್ಟು ಬುದ್ಧಿ ಇದೆ ನನಗೆ. ಆದರೆ ಅವರು ಓದುತ್ತ ಓದುತ್ತ ಆ ಸಾಲಿಗೆ ಬಂದಿರಬೇಕು. ಗಂಡ ಮುಖ ನೋಡುತ್ತಿದ್ದಿರಬೇಕು. ಮುಂದೇನು, ಓದು, ಎಂದಿರಬೇಕು. ಅಲ್ಲಿಂದ ಮುಂದೆ ನನಗೆ ಯೋಚನೆ ಓಡುವುದಿಲ್ಲ.

ಮಾರ್ಚ್ 15, ಶನಿವಾರ. ಮಧ್ಯಾಹ್ನ 3:00

ಸೂಜಿಯ ಪರೀಕ್ಷೆ ಮುಗಿಯಿತು. ಬೀರುವಿನಿಂದ ಫೋನು ಹೊರಬಂತು. ಅರ್ಧ ಗಂಟೆಯಲ್ಲಿ ಅವಳು ಮೇಲೆ ಬಂದಳು. ಕಣ್ಣು ಕೆಂಪಗಿತ್ತು.

"ಕೊಂದೇಬಿಟ್ಯಲ್ಲ ಮಾವ!"

ಎಲ್ಲ ಹೇಳಿದೆ. ಕಿಟಕಿಸೀಟಿನ ವಿಷಯ, ಕೊಟ್ಟ ಮಾತಿನ ವಿಷಯ. ಬೈಯುತ್ತಾಳೆ ಎಂದುಕೊಂಡಿದ್ದೆ. ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಳು.

"ಪೂರ್ತಿ ತೆಗೆದುಹಾಕ್ತೀನಿ," ಎಂದೆ. "ಇಲ್ಲಾ ಆರ್ಫನ್ ಮಾಡ್ತೀನಿ."

ಕಥೆಯ ಮೇಲಿಂದ ಬರೆದವನ ಹೆಸರು ಕಿತ್ತು, ಅನಾಥ ಮಾಡಿ ಬಿಟ್ಟು ಬರುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಒಮ್ಮೆ ಮಾಡಿದರೆ ಮತ್ತೆ ನಮ್ಮದು ಎನ್ನುವ ಹಾಗಿಲ್ಲ.

"ಯಾರಿಗೆ ಉಪಕಾರ ಅದ್ರಿಂದ? ಅವರು ನಾಳೆ ಬಂದು ಹುಡುಕ್ತಾರೆ ಅಂದ್ಕೋ. ಕಥೆ ಇಲ್ಲ, ಇಲ್ಲಾ ಕಥೆ ಇದೆ, ನೀನಿಲ್ಲ. ಬೈಯೋಕಾದ್ರೂ ಒಬ್ಬ ಮನುಷ್ಯ ಬೇಡ್ವಾ ಅವರಿಗೆ?"

ಇಪ್ಪತ್ತು ವರ್ಷದ ಹುಡುಗಿ. ಎಲ್ಲಿಂದ ಬರುತ್ತದೋ ಈ ಮಾತು. ಅವಳು ಹೋದ ಮೇಲೆ ಒಂದು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 10:05

ಬಂತು!!

ಅವಸರದಲ್ಲಿ ಗೀಚಿದ ಅಕ್ಷರ ನೋಡಿ. ಯಾರು ನೋಡಬೇಕು, ನಾನೇ. ಕಾಮೆಂಟ್ ನಲವತ್ತಕ್ಕಲ್ಲ, ಮೂವತ್ತೊಂಬತ್ತರ ಕೆಳಗೆ. ಪೂರ್ತಿ ಇಳಿಸಿಕೊಳ್ಳುತ್ತೇನೆ:

'ದವಡೆಯವರೇ, ನಾವು ಮನೇಲಿದ್ದೀವಿ. ಆರನೇ ತಾರೀಖು ಬಿಟ್ರು. ಗಡಿಬಿಡೀಲಿ ಫೋನ್ ಕಡೆ ತಲೆ ಹಾಕ್ಲಿಲ್ಲ. ಈಗ ಇವರದು ಹೊಸ ಹಟ. ನಾನು ಓದಿ ಹೇಳ್ಬಾರ್ದಂತೆ. ನೀನು ಗೇರ್ ಬದಲಾಯಿಸೋ ಜಾಗ ಎಲ್ಲ ಹಾರಿಸಿ ಓದ್ತೀಯ ಅಂತಾರೆ. ಹೊಸ ಕನ್ನಡಕ ಬರ್ಲಿ, ಮೊದಲಿಂದ ನಾನೇ ಓದ್ತೀನಿ, ಅಲ್ಲೀವರೆಗೆ ನೀನು ನಲವತ್ತು ಮುಟ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ನಿನ್ನೆ ಕದ್ದು ತೆಗೆದ್ರೆ ಹೊಸ ಟ್ಯಾಗ್ ಕಾಣಿಸ್ತು. ಅಲ್ಲೇ ಮುಚ್ಚಿದೆ. ಮಾತು ಉಳಿಸ್ಕೊಂಡ್ರಿ, ಉಪಕಾರ ಆಯ್ತು.'

ಓದಿಲ್ಲ. ಅವರು ಓದೇ ಇಲ್ಲ! ಆ ಮನುಷ್ಯ ಮನೆಯಲ್ಲಿದ್ದಾನೆ, ಹಟ ಮಾಡುತ್ತಿದ್ದಾನೆ! ಮೆಟ್ಟಿಲ ಮೇಲಿಂದಲೇ "ಸೂಜೀ!" ಎಂದು ಕೂಗಿದ್ದಕ್ಕೆ ಅಕ್ಕ ಸೌಟು ಹಿಡಿದು ಓಡಿಬಂದಳು, ಬಿದ್ದೆನೇನೋ ಎಂದು. ಅಕ್ಕನನ್ನೇ ಅಪ್ಪಿಕೊಂಡೆ. "ಏನಾಯ್ತೋ ನಿಂಗೆ?" ಎಂದಳು. "ಏನೂ ಆಗ್ಲಿಲ್ಲಕ್ಕ, ಏನೂ ಆಗ್ಲಿಲ್ಲ," ಎಂದೆ. ನಿಜವೇ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ

'ಮಾತು ಉಳಿಸ್ಕೊಂಡ್ರಿ.' ಉಳಿಸಿಕೊಂಡವನು ನಾನಲ್ಲ. ಆಸ್ಪತ್ರೆಯಿಂದ ಬಿಟ್ಟ ತಾರೀಖು ಉಳಿಸಿತು, ಬರದ ಕನ್ನಡಕ ಉಳಿಸಿತು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೂ ಬರೆದೆ. 'ಟ್ಯಾಗ್ ಮೊದಲು ಹಾಕಿರಲಿಲ್ಲ, ಮರುದಿನ ಬೆಳಿಗ್ಗೆ ಹಾಕಿದೆ, ಅಷ್ಟರಲ್ಲಿ ನೀವು ಓದಿರುತ್ತೀರಿ ಎಂದು ಎರಡು ವಾರ ಸತ್ತು ಬದುಕಿದೆ. ಕ್ಷಮಿಸಿ.' ಮೂರು ಸಲ ಅಳಿಸಿ ನಾಲ್ಕನೇ ಸಲ ಕಳಿಸಿದೆ.

ಸಂಜೆ 5:30

ಉತ್ತರ: 'ಆರನೇ ತಾರೀಖು ವಾರ್ಡಲ್ಲೇ ಇದ್ದಿದ್ರೆ ಓದೇ ಬಿಡ್ತಿದ್ದೆ. ಜನ್ಮದಲ್ಲಿ ನಿಮ್ಮ ಹತ್ರ ಮಾತಾಡ್ತಿರ್ಲಿಲ್ಲ. ಹೇಳಿದ್ದಕ್ಕೆ ಸಿಟ್ಟು ಅರ್ಧ ಇಳೀತು. ಇನ್ನರ್ಧ ಇವರ ಮಾತ್ರೆ ಟೈಮ್ ನೋಡೋದ್ರಲ್ಲಿ ಮರೆತುಹೋಗುತ್ತೆ.'

ಸ್ನಾನ ಮಾಡಿದಷ್ಟು ಹಗುರ. ಅರ್ಧ ಸಿಟ್ಟು ನನಗೆ ಧಾರಾಳವಾಯಿತು.

ಮಾರ್ಚ್ 29, ಶನಿವಾರ

ನಲವತ್ತನ್ನು ಬದಲಾಯಿಸಿ ಬರೆಯುತ್ತೇನೆ ಎಂದೆ. ಸೂಜಿ ಬೇಡ ಎಂದಳು. "ಅತ್ತವರು ಅತ್ತಾಗಿದೆ ಮಾವ, ಅವರ ಅಳು ವಾಪಸ್ ಇಸ್ಕೊಳ್ತೀಯಾ? ಪಕ್ಕದಲ್ಲಿ ಒಂದು ಎಯು ಬರಿ. ಆ ದಿನ ಡ್ರೈವರ್ ರಜೆ ಹಾಕಿದ್ದ ಅಂದ್ಕೋ. ಆಮೇಲೇನಾಗ್ತಿತ್ತು?"

ಎಯು ಎಂದರೆ ಬೇರೆ ಲೋಕ. ಒಂದು ಸಂಗತಿ ಬದಲಾಯಿಸಿ, ಉಳಿದದ್ದೆಲ್ಲ ಹೇಗೆ ಬದಲಾಗುತ್ತದೆ ನೋಡುವುದು. ಒಂದು ಸಂಗತಿ ಎಷ್ಟು ಸಣ್ಣದಿರಬಹುದು ಎಂದು ಈಗ ನನಗೆ ಗೊತ್ತು.

ಬರೆದೆ. ಎರಡೇ ದಿನದಲ್ಲಿ. ಡ್ರೈವರ್ ರಜೆ ಹಾಕಿ ಮನೆಯಲ್ಲಿ ನಲ್ಲಿ ರಿಪೇರಿ ಮಾಡುತ್ತಾನೆ, ನರ್ಸು ಬಂದು ಬೈಯುತ್ತಾಳೆ. ಅಷ್ಟೇ. ಶುದ್ಧ ಫ್ಲಫ್, ಸೂಜಿ ಎರಡು ಸಲ ನೋಡಿ ಪಾಸು ಮಾಡಿದ್ದಾಳೆ. ಗಿಫ್ಟ್ ಫಿಕ್, ಅಂದರೆ ಉಡುಗೊರೆಯ ಕಥೆ, ಎಂದು ಗುರುತು ಹಾಕಿ, 'ಕಿಟಕಿಸೀಟು ಮತ್ತು ಅವರ ಮನೆಯವರಿಗೆ' ಎಂದು ಮೇಲೆ ಬರೆದೆ. ಟ್ಯಾಗ್: ಯಾರೂ ಸಾಯುವುದಿಲ್ಲ. ಅದನ್ನು ಒತ್ತುವಾಗ ಸುಖವಾಯಿತು.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ 1:15

ಬೆಂಚು. ಇವತ್ತು ಕೋರೆಹಲ್ಲು ಎಲ್ಲ ಅವುಗಳ ಜಾಗದಲ್ಲೇ ಇವೆ. ಯಜಮಾನಿ ನೋಡಿ ತಲೆಯಾಡಿಸಿದರು.

ಹೊಸ ಕನ್ನಡಕ ಬಂದಿದೆಯಂತೆ. ಹೇಗೆ ಗೊತ್ತು? ಮೊದಲ ಅಧ್ಯಾಯಕ್ಕೆ ನಿನ್ನೆ ಒಂದು ಕಾಮೆಂಟ್, ಹೆಸರಿನ ಜಾಗದಲ್ಲಿ 'ಸ್ಟೇರಿಂಗ್': 'ಚೆನ್ನಾಗಿದೆ. ಹ್ಯಾಂಡ್‌ಬ್ರೇಕ್ ತೆಗೆಯದೆ ಗಾಡಿ ಹೊರಡಿಸಿದ್ದೀರಿ.' ಇವತ್ತು ಬೆಳಿಗ್ಗೆ ಎರಡನೆಯದಕ್ಕೆ: 'ತುಂಬಿದ ಗಾಡಿ, ಒದ್ದೆ ರಸ್ತೆ, ಇಳಿಜಾರು, ನಾಲ್ಕನೇ ಗೇರ್! ಮುಂದೆ ಇವನು ಸಾಯ್ತಾನೆ ಅಂತ ಟ್ಯಾಗ್ ನೋಡಿದೆ. ಇಂಥ ಡ್ರೈವಿಂಗಿಗೆ ನಲವತ್ತರವರೆಗೆ ಬದುಕಿದ್ದೇ ಹೆಚ್ಚು.'

ನಕ್ಕು ನಕ್ಕು ಕಣ್ಣಲ್ಲಿ ನೀರು. ದಿನಕ್ಕೊಂದು ಅಧ್ಯಾಯ ಅಂದರೂ ನಲವತ್ತು ಮುಟ್ಟಲು ಇನ್ನೂ ಐದು ವಾರ ಬೇಕು. ನಿಧಾನವಾಗಿ ಓದಲಿ. ದಿನಾ ಬೈಯಲಿ. ಪುಣ್ಯಾತ್ಮ, ಪ್ರತಿ ಅಧ್ಯಾಯಕ್ಕೂ ಬೈಯಲಿ.

ಫೋನು ಮತ್ತೆ ಟಿಣ್ ಎಂದಿತು. ಆಗಲೇ ಮೂರನೆಯದಾ? ಮೂರರಲ್ಲಿ ಡ್ರೈವರ್ ಎಲ್ಲಿರುತ್ತಾನೆ... ಅಯ್ಯೋ, ಘಾಟಿ ರಸ್ತೆ! ಅಲ್ಲಿ ಒಂದು ಕೈಯಲ್ಲಿ ಚಹಾ ಹಿಡಿದೇ ಗಾಡಿ ಓಡಿಸುತ್ತಾನೆ!