ಐದನೆಯವಳು ಬರುವುದಿಲ್ಲ

ಮೊರಿಹಿಕೊ ಅಣ್ಣ,

ಪತ್ರವನ್ನು ಹವೆಯ ಮಾತಿನಿಂದ ಶುರುಮಾಡಬೇಕೆಂದು ಅಪ್ಪ ನಮಗೆ ಕಲಿಸಿದ್ದರು. ಇವತ್ತು ನನಗೆ ಆ ಮನಸ್ಸಿಲ್ಲ. ನೀನು ಕಳಿಸಿದ ಮೀನನ್ನು ಅತ್ತಿಗೆಯ ಕೈಯಲ್ಲೇ ವಾಪಸು ಕೊಟ್ಟಿದ್ದೇನೆ. ಪಾಪ, ಅವರು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ನಿನ್ನ ಮಾತು ಒಪ್ಪಿಸಿದರು. "ಮಿನಾಗಾವಾ ಅವರ ಹುಡುಗಿ ಕಾಲು ಮುರ್ಕೊಂಡಿದ್ದಾಳೆ, ಚಿಹಾರು. ಕೆಂಡೊ ತಂಡಕ್ಕೆ ಐದನೆಯವಳಿಲ್ಲ. ನಿನ್ ಮಗಳು ರಿಹಾನಾನ ಕಳಿಸ್ಬೇಕಂತೆ. ದೇವರ ಗೂಡಿಗೆ ಎಲ್ಲರೂ ಬಾಗುವಾಗ ಅವಳು ಕಂಬದ ಮರೇಲಿ ನಿಂತ್ಕೊಂಡ್ರೆ ಯಾರಿಗೂ ಕಾಣ್ಸಲ್ಲ ಅಂದ್ರು."

ಇದಕ್ಕೆ ಉತ್ತರ ಅವರಿಗೆ ಕೊಡುವಂಥದ್ದಲ್ಲ, ನಿನಗೆ ಕೊಡುವಂಥದ್ದು.

ನನ್ನ ಮದುವೆಯ ದಿನ ನಮ್ಮ ಕಡೆಯಿಂದ ಬಂದವನು ನೀನೊಬ್ಬನೇ. ಮದುಮಗ ಇಖ್ಲಾಕ್ ತಾನೇ ಮಾಡಿದ ಬಿರಿಯಾನಿ ಉಂಡು, "ಅಪ್ಪ ಇದ್ದಿದ್ರೆ ನಿನ್ನ ಬೈತಿದ್ರು, ಆದ್ರೆ ಇನ್ನೊಂದು ಸಲ ಬಡಿಸ್ಕೊಂಡು ಬೈತಿದ್ರು" ಎಂದು ನಗಿಸಿದ್ದೆ. ನನ್ನ ಮಗಳ ಕೈಗೆ ಬಿದಿರುಕತ್ತಿ ಕೊಟ್ಟು, ನಿನ್ನ ಕಲಿಕೆಮನೆ ದೋಜೊದಲ್ಲಿ ಕೆಂಡೊ ಕಲಿಸಿದವನೂ ನೀನೇ. ಅವಳು ಬೆಳೆದು, ತಾನಾಗಿ ನಮಾಜಿಗೆ ನಿಂತು, ಒಂದು ದಿನ ನಿನ್ನೆದುರು ಮಂಡಿಯೂರಿ ಕೇಳಿದಳು: "ಮಾವ, ನಿಮಗೆ ಬಾಗ್ತೀನಿ, ಎದುರಾಳಿಗೆ ಬಾಗ್ತೀನಿ. ದೋಜೊ ಗೋಡೆ ಮೇಲಿರೋ ದೇವರ ಗೂಡಿಗೆ ಮಾತ್ರ ಬಾಗದೆ ಸುಮ್ನೆ ನಿಂತ್ಕೊಳ್ಲಾ?" ನೀನು ಆಗ "ನಿಂತ್ಕೊ" ಎಂದಿದ್ದೆ. ಅದನ್ನು ನೀನು ಮರೆತಿರಬಹುದು, ನಾವು ಮರೆತಿಲ್ಲ.

ಆಮೇಲೆ ಯಾವಳೋ ಹುಡುಗಿಯ ತಾಯಿ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದಳು. ಎಲ್ಲ ತಲೆಗಳೂ ಬಾಗಿವೆ, ಒಂದು ತಲೆ ನೆಟ್ಟಗಿದೆ, ಅದರ ಮೇಲೊಂದು ಬಟ್ಟೆ. ಟಿವಿಯಲ್ಲಿ ಕೋಟು ತೊಟ್ಟವರು ಕೂತು, ಕೆಂಡೊ ಕ್ರೀಡೆಯೋ ಸಂಸ್ಕಾರವೋ, ಹೆಣ್ಣುಮಗಳ ತಲೆಬಟ್ಟೆಗೆ ಅಲ್ಲಿ ಏನು ಕೆಲಸ ಎಂದು ಜಗಳವಾಡಿದರು. ಅಣ್ಣ, ಮುಖಕವಚದೊಳಗೆ ನೀವೆಲ್ಲ ತಲೆಗೆ ಬಟ್ಟೆ ಬಿಗಿದುಕೊಂಡೇ ಆಡುತ್ತೀರಿ. ಅವಳು ಕವಚ ಕಳಚಿದ ಮೇಲೂ ಬಿಚ್ಚುವುದಿಲ್ಲ. ಇಡೀ ಜಪಾನಿಗೆ ಅಪಾಯ ಬಂದದ್ದು ಅಷ್ಟರಿಂದ. ಇಖ್ಲಾಕ್‌ನ ಹಳೇ ಕಾರುಗಳ ಅಂಗಡಿಗೆ ಫೋನುಗಳು ಶುರುವಾದವು. "ನಿಮ್ಮ ದೇಶಕ್ಕೆ ಹೋಗಿ" ಅಂದವರಿಗೆ ಅವನು, "ನಮ್ಮ ಮನೆ ಇಲ್ಲೇ ತೊಯಾಮಾದಲ್ಲೇ ಸಾರ್, ಕಾರು ಏನಾದ್ರೂ ನೋಡ್ತಿದ್ರಾ?" ಎಂದು ಕೇಳುತ್ತಿದ್ದ. ನಕ್ಕು ಫೋನಿಡುತ್ತಿದ್ದ, ಮತ್ತೆ ಊಟ ಸೇರುತ್ತಿರಲಿಲ್ಲ.

ಆ ಫೋನುಗಳನ್ನು ನಾನು ಸಹಿಸಿದೆ. ಸಹಿಸಲಾಗದ್ದು ನೀನು ಪಾಲಕರ ಸಭೆಯಲ್ಲಿ ಎದ್ದು ನಿಂತು ಆಡಿದ ಮಾತು. "ತಂಗಿ ಮಗಳು ಅಂತ ನಾನು ನೋಡಲ್ಲ. ಕೆಂಡೊ ಅಂದ್ರೆ ಕಪ್, ಪದಕ ಗೆಲ್ಲೋದಲ್ಲ. ಇಲ್ಲಿ ತಲೆ ಬಾಗದವರು ಜಪಾನಿನವರೇ ಅಲ್ಲ." ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ರಿಹಾನಾ ನಿನ್ನನ್ನೇ ನೋಡುತ್ತಿದ್ದಳು. ನೀನು "ನಿಂತ್ಕೊ ಅಂತ ನಾನೇ ಹೇಳಿದ್ದೆ" ಎನ್ನುತ್ತೀಯೆಂದು ಕಾದಳು. ನೀನು ನೀರು ಕುಡಿದು ಕೂತೆ. ಮನೆಗೆ ಬಂದವಳೇ ಕವಚವನ್ನೆಲ್ಲ ಒರೆಸಿ, ಮಡಿಸಿ ಚೀಲಕ್ಕೆ ತುಂಬಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನಿನಗೆ ಕಪ್ ಬೇಕಾಗಿದೆ. ಹಾಗಾಗಿ ನಿನ್ನ ಸಂಸ್ಕಾರಕ್ಕೆ ಒಂದು ಕಂಬ ಸಿಕ್ಕಿದೆ. ಕಂಬದ ಮರೆಯಲ್ಲಿ ಅವಳು ಜಪಾನಿನವಳು, ಬೆಳಕಿಗೆ ಬಂದರೆ ಪರದೇಶಿ. ಸಭೆಯಲ್ಲಿ ಆಡಿದ ಮಾತಿಗಾದರೂ ನೀನು ಅಂಟಿಕೊಂಡಿದ್ದರೆ, ಹಟಮಾರಿ ಎಂದು ಬೈದಾದರೂ ನಿನ್ನನ್ನು ಗೌರವಿಸುತ್ತಿದ್ದೆ. ಈಗ ಅದೂ ಉಳಿದಿಲ್ಲ.

ಆದರೂ ನಿರ್ಧಾರ ಅವಳದು ಎಂದು ಮೀನಿನ ವಿಷಯ, ನಿನ್ನ ಕರೆ ಎರಡನ್ನೂ ಅವಳಿಗೆ ಹೇಳಿದೆ. ಅನ್ನ ಕಲಸುತ್ತಿದ್ದವಳು ತಲೆಯೆತ್ತಲಿಲ್ಲ. "ಮಾವಂಗೆ ಬೇಕಾಗಿರೋದು ಐದನೆಯವಳು, ಅಮ್ಮ. ಸೋದರಸೊಸೆ ಅಲ್ಲ" ಎಂದಳು. ಉಂಡು ತಟ್ಟೆ ತೊಳೆದಿಟ್ಟು, "ಮಿನಾಗಾವಾಗೆ ಕಾಲು ಬೇಗ ಸರಿಹೋಗ್ಲಿ ಅಂತ ಹೇಳಿಕಳ್ಸು" ಅಂದಳು.

ಅವಳು ಆಟ ಬಿಟ್ಟಿಲ್ಲ. ಪಕ್ಕದ ಊರು ತಕಾವೊಕಾದಲ್ಲಿ ಒಬ್ಬ ಹೆಂಗಸಿನ ಹತ್ತಿರ ಕಲಿಯಲು ಹೋಗುತ್ತಾಳೆ. ಅಲ್ಲೂ ಗೋಡೆಯ ಮೇಲೆ ಗೂಡಿದೆ. ಮೊದಲ ದಿನವೇ ಎಲ್ಲವನ್ನೂ ಹೇಳಿದಾಗ ಆಕೆ, "ಮೇಲೆ ಏನಿದೆ ಅನ್ನೋದು ಬಿಡು ಮಗಳೇ, ನಿನ್ನ ಎಡಗಾಲು ನೋಡ್ಕೊ, ಎಷ್ಟು ಸಡಿಲ ಇದೆ" ಎಂದರಂತೆ. ಆ ಸಂಜೆ ರಿಹಾನಾ ಬಸ್ಸಿಳಿದು ಓಡಿ ಬಂದಳು. ಅಡುಗೆಮನೆಯಲ್ಲೇ ನಿಂತು ಎಡಗಾಲು ಸರಿಮಾಡಿ ತೋರಿಸಿದಳು.

ಭಾನುವಾರದ ಪಂದ್ಯದಲ್ಲಿ ನಿನ್ನ ತಂಡ ನಾಲ್ವರೊಂದಿಗೆ ಆಡಲಿ. ಐದನೆಯ ಸರದಿ ಬಂದಾಗ ಆ ಖಾಲಿ ಜಾಗವನ್ನು ಎಲ್ಲರ ಜೊತೆ ನೀನೂ ನೋಡು.

ನಿನ್ನ ಮಂಡಿನೋವು ಕಡಿಮೆಯಾಗಲಿ, ಅತ್ತಿಗೆಗೆ ಒಳ್ಳೆಯದಾಗಲಿ. ನನ್ನ ಬಾಗಿಲಿಗೆ ಮಾತ್ರ ಬರಬೇಡ.

ಒಂದು ಕಾಲಕ್ಕೆ ನಿನ್ನ ತಂಗಿಯಾಗಿದ್ದ,
ಚಿಹಾರು